ಮದುವೆ ಮೀನಿಗೆ ಬಿಟ್ಟ ಜಾಗ

ಜೂನ್ 3, ಸೋಮವಾರ. ಮೋಡ

ಕಂಪನಿಯ ವಾರ್ಷಿಕ ತಪಾಸಣೆಗೆ ಬಂದ ವೈದ್ಯರು ನನ್ನ ಹೊಟ್ಟೆಯ ಚಿತ್ರ ನೋಡಿ, “ಶಿಮೊಜೊ ಅವ್ರೇ, ನೀವು ಸಿಟ್ಟು ಬಂದ್ರೆ ನುಂಗ್ತೀರಾ?” ಎಂದು ಕೇಳಿದರು. ಹೌದು, ದಿನಕ್ಕೆ ಮೂರು ಹೊತ್ತು, ಊಟವಾದ ಮೇಲೆ, ಎಂದೆ. ಅವರು ನಗಲಿಲ್ಲ. ನುಂಗಬೇಡಿ, ಬರೆದಿಡಿ ಎಂದರು. ಅದಕ್ಕೇ ಈ ಪುಸ್ತಕ. ಇದನ್ನು ನಾನೊಬ್ಬನೇ ಓದುವುದರಿಂದ ಇಲ್ಲಿ ನಯವಿನಯದ ಖರ್ಚಿಲ್ಲ.

ಇವತ್ತಿನ ಸಿಟ್ಟು ಹೀಗಿದೆ. ನಮ್ಮ ತಾಕಾತ್ಸುಜಿ ಕಾಮಾಬೊಕೊ ಕಂಪನಿ ನೂರು ವರ್ಷದಿಂದ ಮೀನು ಅರೆದು, ಮುದ್ದೆ ಮಾಡಿ, ಹಬೆಯಲ್ಲಿ ಬೇಯಿಸಿ ಮಾರುತ್ತಿದೆ. ಈಗ ಹೊಸ ಕಂಪ್ಯೂಟರ್ ವ್ಯವಸ್ಥೆ ಬರುತ್ತದಂತೆ. ಅದು ಬರುವ ಮೊದಲು ಇಡೀ ಕಂಪನಿಯ ನಕ್ಷೆಯೊಂದು ಬೇಕಂತೆ. ಯಾರು ಏನು ಮಾಡುತ್ತಾರೆ, ಯಾರ ಕೈಯಿಂದ ಯಾರ ಕೈಗೆ ಏನು ಹೋಗುತ್ತದೆ, ಎಲ್ಲ ಚೌಕ ಹಾಕಿ ಗೆರೆ ಎಳೆದು ತೋರಿಸಬೇಕು. ಟೋಕಿಯೊದವರು ಇದಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎನ್ನುತ್ತಾರೆ. ಕೇಳಿದವರು ನಾವು ಸಮುದ್ರಕ್ಕೆ ಸೇತುವೆ ಕಟ್ಟುತ್ತಿದ್ದೇವೆ ಅಂದುಕೊಳ್ಳಬೇಕು.

ಅಧ್ಯಕ್ಷರು ಸ್ಪಷ್ಟವಾಗಿ ಹೇಳಿದರು: “ನಕ್ಷೆಯಲ್ಲಿ ಇರೋದಕ್ಕೆ ಹೊಸ ವ್ಯವಸ್ಥೇಲಿ ಜಾಗ, ಬಜೆಟ್‌ನಲ್ಲೂ ಜಾಗ. ಇಲ್ಲದ್ದು ಏಪ್ರಿಲ್‌ನಿಂದ ಇಲ್ಲ.”

ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದವರು ನಮ್ಮ ವಿಭಾಗದ ಮುಖ್ಯಸ್ಥ ಮಿಜುಹಾಶಿ ಸಾಹೇಬರು. ಕೆಲಸ ಹಂಚಿದ ಮೀಟಿಂಗ್ ಹೊತ್ತಿಗೆ ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ, ಆರಿಸಲು ಅಷ್ಟೇ ಕಾರಣ. ಸಹಾಯಕ್ಕೆ ಟೋಕಿಯೊದಿಂದ ಹಿಬಿನೊ ಎಂಬ ಸಲಹೆಗಾರ ಬಂದಿದ್ದಾನೆ. ಮೂವತ್ತರ ಪ್ರಾಯ, ಚೂಪು ಮೂತಿಯ ಬೂಟು. ನಮ್ಮಲ್ಲಿ ಆರ್ಡರ್ ಹೇಗೆ ಬರುತ್ತದೆ ಎಂದು ಹೇಳಲು ಬಾಯಿ ತೆರೆದರೆ, ಕನ್ನಡಕ ಸರಿಪಡಿಸಿಕೊಂಡು, “ಯಾವ ಮಟ್ಟದಲ್ಲಿ?” ಎನ್ನುತ್ತಾನೆ. ಮೊದಲು ವ್ಯಾಪ್ತಿ ಎಷ್ಟು, ವಿವರ ಯಾವ ಮಟ್ಟದ್ದು ಎಂದು ತೀರ್ಮಾನ ಆಗಬೇಕಂತೆ. ಶೌಚಾಲಯ ಎಲ್ಲಿದೆ ಎಂದು ಅವನೇ ನನ್ನನ್ನು ಕೇಳಿದಾಗ, ಯಾವ ಮಟ್ಟದಲ್ಲಿ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ನನ್ನ ಲೆಕ್ಕದಲ್ಲಿ ಒಂದು ಹಾಳೆ, ಹತ್ತು ಚೌಕ. ಬೇಸಿಗೆ ಮುಗಿಯುವುದರೊಳಗೆ ಕೆಲಸ ಮುಗಿಯುತ್ತದೆ.

ಸಂಜೆ ಮನೆಯಲ್ಲಿ ಹೆಂಡತಿ ಇಕುಯೊಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಅವಳೂ ನಮ್ಮ ಕಂಪನಿಯಲ್ಲೇ, ಹೊಳೆಯ ದಡದ ಹಳೇ ಕಟ್ಟಡದಲ್ಲಿ ಮದುವೆ ಮೀನು ಮಾಡುತ್ತಾಳೆ. ಕಾಮಾಬೊಕೊ ಮುದ್ದೆಯಲ್ಲಿ ಕೆಂಪು ಮೀನು ತಿದ್ದಿ, ಅದರ ಮೈಮೇಲೆ ಒಂದೊಂದು ಹುರುಪೆಯನ್ನೂ ಮುದ್ದೆ ತುಂಬಿದ ಕೊಳವೆಯಿಂದ ಕೈಯಲ್ಲೇ ಬರೆಯಬೇಕು. ಮದುವೆಯಾದ ಮನೆಯವರು ಅದನ್ನು ತುಂಡು ಮಾಡಿ ಅಕ್ಕಪಕ್ಕಕ್ಕೆ ಹಂಚದಿದ್ದರೆ ಈ ಊರಿನಲ್ಲಿ ಮದುವೆ ಆಯಿತೆಂದು ಯಾರೂ ಒಪ್ಪುವುದಿಲ್ಲ.

“ಹಂಗಾದ್ರೆ ನಾನು ಯಾವ ಚೌಕದಲ್ಲಿ?” ಎಂದಳು.

“ಎಲ್ಲಕ್ಕಿಂತ ಚೆಂದದ್ದರಲ್ಲಿ,” ಎಂದೆ.

ಜೂನ್ 12, ಬುಧವಾರ. ಮಳೆ

ಮೀಟಿಂಗಿಗೆ ಮೊದಲು ಎಲ್ಲ ವಿಭಾಗಕ್ಕೂ ಹೋಗಿ ಚಹಾ ಕುಡಿದು ಒಪ್ಪಿಗೆ ಪಡೆಯಬೇಕು. ಮೀಟಿಂಗಿನಲ್ಲಿ ಯಾರೂ ಯಾರಿಗೂ ಬೇಡ ಎನ್ನಬಾರದಲ್ಲ, ಬೇಡ ಎನ್ನುವುದನ್ನೆಲ್ಲ ಮೊದಲೇ ಚಹಾದ ಜೊತೆ ಮುಗಿಸಿಬಿಡಬೇಕು. ವಾರದಿಂದ ಅಷ್ಟೇ ಮಾಡುತ್ತಿದ್ದೇನೆ. ಹೊಟ್ಟೆಯೊಳಗೆ ಕೆರೆ.

ಮಾರಾಟದವರು ತಮ್ಮ ಚೌಕ ತಯಾರಿಕೆಯವರದಕ್ಕಿಂತ ಕಿರಿದಾಯಿತು ಎಂದರು. ಹಿಗ್ಗಿಸಿದೆ. ತಯಾರಿಕೆಯವರು ಅಳತೆಪಟ್ಟಿ ತಂದರು. ಕೊನೆಗೆ ಎಲ್ಲವನ್ನೂ ಒಂದೇ ಅಳತೆ ಮಾಡಿದೆ. ಈಗ ಮೀನು ಅರೆಯುವ ಕಾರ್ಖಾನೆಯೂ ನೌಕರರ ಸಾಫ್ಟ್‌ಬಾಲ್ ತಂಡವೂ ನಕ್ಷೆಯಲ್ಲಿ ಅವಳಿ ಜವಳಿ. ಸಾಫ್ಟ್‌ಬಾಲ್ ಯಾಕೆ ಬಂತು? ಅದರ ಕಾರ್ಯದರ್ಶಿ ಖರೀದಿ ವಿಭಾಗದ ಮುಖ್ಯಸ್ಥರು, ಚಹಾದ ಜೊತೆ ಸಿಹಿಯನ್ನೂ ಕೊಟ್ಟರು.

ವಿವರದ ಮಾತೇ ಬೇರೆ. ಖರೀದಿಯವರಿಗೆ ಬೇರೆಯವರದೆಲ್ಲ ಸೂಕ್ಷ್ಮವಾಗಿ ಬೇಕು, ತಮ್ಮದು ಮಂಜು ಕವಿದ ಹಾಗಿದ್ದರೆ ಸಾಕು. ಶೀತಲಗೃಹದವರು ಬಾಗಿಲಿಗೆ ಕೊಡುವ ಮರದ ಬೆಣೆಯನ್ನೂ ಬರೆದುಕೊಟ್ಟಿದ್ದಾರೆ.

ಹಿಬಿನೊ ಮಾತ್ರ, “ಈ ನಕ್ಷೆ ನೋಡಿ ನೀವು ಯಾವ ತೀರ್ಮಾನ ತಗೋಬೇಕು ಅಂತಿದೀರಿ? ಅದಕ್ಕೆ ಬೇಕಾದಷ್ಟು ಬರೆದ್ರೆ ಸಾಕಲ್ವಾ?” ಎಂದ. ಇಷ್ಟು ದಿನದಲ್ಲಿ ಕೇಳಿದ ಮೊದಲ ಬುದ್ಧಿಯ ಮಾತು. ಮಿಜುಹಾಶಿ ಸಾಹೇಬರು ಹಲ್ಲು ಕಚ್ಚಿ ಸ್‌ಸ್‌ಸ್ ಎಂದು ಉಸಿರು ಎಳೆದುಕೊಂಡರು. ಅವರು ಹಾಗೆ ಗಾಳಿ ಎಳೆದರೆಂದರೆ ವಿಷಯ ಸತ್ತಿತು ಎಂದರ್ಥ. ಅವರ ಎದೆಯೊಳಗೆ ಅಂಥ ಎಷ್ಟು ಹೆಣಗಳಿವೆಯೋ.

ಜೂನ್ 28, ಶುಕ್ರವಾರ

ವ್ಯಾಪ್ತಿ ತೀರ್ಮಾನದ ಮೀಟಿಂಗ್. ತೀರ್ಮಾನ: ವ್ಯಾಪ್ತಿ, “ಸಂದರ್ಭಕ್ಕೆ ತಕ್ಕಂತೆ ಎಲ್ಲವೂ”. ವಿವರದ ಮಟ್ಟ, “ಸಾಕಾಗುವಷ್ಟು”. ಎಲ್ಲರೂ ತಲೆಯಾಡಿಸಿದರು. ಸಾಕಾಗುವಷ್ಟು ಅಂದರೆ ಎಷ್ಟು ಎಂದು ಹಿಬಿನೊ ಕೇಳಿದಾಗ ಮಿಜುಹಾಶಿ ಸಾಹೇಬರು ಇನ್ನೊಂದು ಸುತ್ತು ಚಹಾ ತರಲು ಹೇಳಿದರು.

ಹೊಟ್ಟೆಯಲ್ಲಿ ಕೆಂಡ. ಎರಡು ಮಾತ್ರೆ ನುಂಗಿದೆ.

ಜುಲೈ 19, ಶುಕ್ರವಾರ. ಸೆಕೆ

ಒಂದು ವಿಚಿತ್ರ. ಇವತ್ತು ಸಾಗಣೆ ವಿಭಾಗವನ್ನು ಮೂರನೇ ಮಟ್ಟದಲ್ಲಿ ಬರೆದೆ. ಕಂಪನಿ ಒಟ್ಟಾರೆ ಮೊದಲ ಮಟ್ಟ, ವಿಭಾಗ ಎರಡನೆಯದು, ಕೆಲಸ ಮೂರನೆಯದು, ಆ ಕೆಲಸದ ಒಂದೊಂದು ಹೆಜ್ಜೆ ನಾಲ್ಕನೆಯದು. ತಮಾಷೆಗೆಂದೇ ಶುರು ಮಾಡಿದ್ದು. ಆದರೆ ಕೊನೆಯ ಗೆರೆ ಹೋಗಿ ಚೌಕಕ್ಕೆ ಮುಟ್ಟಿದಾಗ ಎಲ್ಲೂ ಒಂದು ಗೆರೆ ಇನ್ನೊಂದನ್ನು ದಾಟಿರಲಿಲ್ಲ. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ನಾನು ಮಾಡಿದ ಯಾವುದೂ ಅಷ್ಟು ಓರಣವಾಗಿ ಕಂಡಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕುಳಿತೆ. ಹೊಟ್ಟೆನೋವಿನ ನೆನಪೇ ಇಲ್ಲ.

ಊಟಕ್ಕೆ ಕೂತಾಗ ಇಕುಯೊ, “ನಾಳೆ ಏನು ಮಾಡ್ಲಿ?” ಎಂದಳು. “ಯಾವ ಮಟ್ಟದಲ್ಲಿ?” ಎಂದೆ. ನಕ್ಕಳು. ನಾನೂ ನಕ್ಕೆ.

ಆಗಸ್ಟ್ 15, ಗುರುವಾರ

ವರ್ಷದ ಪಿತೃಹಬ್ಬಕ್ಕೆ ಹಿರಿಯರ ಸಮಾಧಿ ತೊಳೆಯಲು ಭಾವನ ಮನೆಯವರೆಲ್ಲ ಬಂದಿದ್ದರು. ನೀರು ಯಾರು, ಹೂ ಯಾರು, ಊದುಬತ್ತಿ ಯಾರು ಎಂದು ಪ್ರತಿ ವರ್ಷ ಗೊಂದಲ. ಈ ಸಲ ನಾನು ಚಿಕ್ಕದೊಂದು ನಕ್ಷೆ ಮಾಡಿಕೊಂಡು ಹೋಗಿದ್ದೆ, ಎರಡನೇ ಮಟ್ಟದವರೆಗೆ ಮಾತ್ರ. ಭಾವ ಅದರಿಂದ ಗಾಳಿ ಬೀಸಿಕೊಂಡ. ಜನಕ್ಕೆ ವ್ಯವಸ್ಥೆಯ ಬೆಲೆ ಗೊತ್ತಿಲ್ಲ.

ಸೆಪ್ಟೆಂಬರ್ 11, ಬುಧವಾರ. ಗಾಳಿ

ಇವತ್ತು ನನ್ನ ದಿನ. ವಿವರವಾಗಿ ಬರೆಯುತ್ತೇನೆ.

ಎಲ್ಲ ಚೌಕ ಮುಗಿದು ಮದುವೆ ಮೀನು ಒಂದೇ ಉಳಿದಿತ್ತು. ಅದು ಯಾವ ವಿಭಾಗದ ಕೆಳಗೂ ಬರುವುದಿಲ್ಲ. ಅದನ್ನು ಶುರು ಮಾಡಿದವರು ಹಿರಿಯ ಯಜಮಾನರು, ಈಗಿನ ಅಧ್ಯಕ್ಷರ ತಂದೆ. ಅಧಿಕಾರ ಬಿಟ್ಟು ಎಷ್ಟೋ ಕಾಲವಾದರೂ ಬುಧವಾರ ಬುಧವಾರ ಕೋಲೂರಿಕೊಂಡು ಹೊಳೆ ದಡಕ್ಕೆ ಬರುತ್ತಾರೆ, ಇಕುಯೊ ಮತ್ತವಳ ಜೊತೆಯ ಇಬ್ಬರ ಕೈಯಿಂದ ಚಹಾ ಕುಡಿದು, ಮೀನಿನ ಕಣ್ಣು ಚೆನ್ನಾಗಿ ಬಂದಿದೆ ಎಂದು ಹೇಳಿ ಹೋಗುತ್ತಾರೆ.

“ಅದನ್ನ ಮಾರಾಟದ ಕೆಳಗೆ ಹಾಕಿದ್ರೆ?” ಎಂದ ಹಿಬಿನೊ ಮೀಟಿಂಗಿನಲ್ಲಿ.

“ಹಿರೀ ಯಜಮಾನ್ರನ್ನ ಮಾರಾಟದ ಕೆಳಗಾ?” ಮಿಜುಹಾಶಿ ಸಾಹೇಬರ ಮುಖ ಬಿಳಿಚಿತು.

“ಹಂಗಾದ್ರೆ ಬೇರೇನೇ ಒಂದು ಚೌಕ.”

“ಎಲ್ಲರ ಅಳತೇದಾ? ಸಾಫ್ಟ್‌ಬಾಲ್ ಪಕ್ಕದಲ್ಲಿ ಕೂರಿಸ್ತೀರಾ ಅವರನ್ನ?”

“ದೊಡ್ಡದು ಮಾಡಿ.”

“ದೊಡ್ಡದು ಮಾಡಿದ್ರೆ ಮಾರಾಟದವರು ಸುಮ್ನಿರ್ತಾರಾ?”

“ಒಂದ್ಸಲ ಯಜಮಾನ್ರನ್ನೇ ಕೇಳ್ಬಿಡೋಣ್ವಾ?”

ಬೂಟು ಹಾಕಿಕೊಂಡೇ ಯಾರದೋ ಮನೆಯ ಚಾಪೆ ತುಳಿದವನನ್ನು ನೋಡುವ ಹಾಗೆ ಎಲ್ಲರೂ ಅವನನ್ನು ನೋಡಿದರು. ಕೇಳುವುದೆಂದರೇನು? ಕೇಳಿದರೆ ಅವರು ಉತ್ತರ ಹೇಳಬೇಕಾಗುತ್ತದೆ. ಹಿರಿಯರನ್ನು ಅಂಥ ಇಕ್ಕಟ್ಟಿಗೆ ಸಿಕ್ಕಿಸುವುದುಂಟೇ? ಅವರ ಮನಸ್ಸಿನಲ್ಲಿರುವುದನ್ನು ನಾವೇ ಅರಿತು ನಡೆಯಬೇಕು. ಟೋಕಿಯೊದಲ್ಲಿ ಇವನ್ನೆಲ್ಲ ಈಗ ಕಲಿಸುವುದಿಲ್ಲವೆಂದು ಕಾಣುತ್ತದೆ.

ಆಗ ನನಗೆ ಹೊಳೆಯಿತು. ನಕ್ಷೆಯ ಮೇಲ್ತುದಿಯ ಬಲಮೂಲೆಯನ್ನು ಖಾಲಿ ಬಿಡೋಣ ಎಂದೆ. ಬಾಗಿಲಿನಿಂದ ದೂರದ ಮೇಲಿನ ಆಸನವನ್ನು ಹಿರಿಯರಿಗೆಂದು ಖಾಲಿ ಬಿಡುವುದಿಲ್ಲವೇ, ಹಾಗೆ. ಚೌಕವೂ ಇಲ್ಲ, ಗೆರೆಯೂ ಇಲ್ಲ, ಶುದ್ಧ ಬಿಳಿ. ನೋಡಿದವರಿಗೆ ಅಲ್ಲಿ ಯಾರಿದ್ದಾರೆಂದು ತಾನಾಗಿ ತಿಳಿಯುತ್ತದೆ.

ಕೋಣೆಗೆ ಕೋಣೆಯೇ ನಿಟ್ಟುಸಿರು ಬಿಟ್ಟಿತು. “ಶಿಮೊಜೊ, ನಿನ್ನಲ್ಲಿ ಇಷ್ಟು ಸೂಕ್ಷ್ಮ ಇದೆ ಅಂತ ಗೊತ್ತಿರ್ಲಿಲ್ಲ ಕಣಯ್ಯಾ,” ಎಂದರು ಸಾಹೇಬರು. ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು. ಸುಳ್ಳೇಕೆ, ಮನಸ್ಸು ತುಂಬಿ ಬಂತು.

ರಾತ್ರಿ ಊಟಕ್ಕೆ ಕೂತಾಗ ಹೇಳಿದರೆ ಇಕುಯೊಗೆ ಇದು ಅರ್ಥವಾಗಲಿಲ್ಲ.

“ಅಂದ್ರೆ ನಮ್ಮ ಮೂವರನ್ನ ಖಾಲಿ ಜಾಗದಲ್ಲಿ ಹಾಕಿದ್ರಾ?”

“ಗೌರವದ ಖಾಲಿ ಕಣೇ ಅದು.”

“ಗೌರವಕ್ಕೆ ಸಂಬಳ ಬರುತ್ತಾ? ಅಧ್ಯಕ್ಷರು ಏನಂದಿದ್ರು, ನಕ್ಷೇಲಿ ಇಲ್ಲದ್ದು ಏಪ್ರಿಲ್‌ನಿಂದ ಇಲ್ಲ ಅಂತ ತಾನೇ?”

“ಅದು ಮೂರನೇ ಮಟ್ಟದ ವಿಷ್ಯಕ್ಕೆ ಹೇಳಿದ್ದು. ಇದು ಮಟ್ಟಕ್ಕೆಲ್ಲ ಮೀರಿದ್ದು.”

“ಸರಿ, ಇಷ್ಟೆಲ್ಲ ಯಾಕೆ? ಮುಂದಿನ ಬುಧವಾರ ಚಹಾಕ್ಕೆ ಬರ್ತಾರಲ್ಲ, ‘ಯಜಮಾನ್ರೇ, ನಮ್ಮನ್ನ ನಕ್ಷೇಲಿ ಹಾಕ್ಬೇಕಾ ಬೇಡ್ವಾ’ ಅಂತ ನಾನೇ ಕೇಳ್ತೀನಿ.”

ನನ್ನ ಕೈಯಿಂದ ಊಟದ ಕಡ್ಡಿ ಜಾರಿತು. ಅವಳು ಹಾಗೆ ಕೇಳಿಬಿಟ್ಟರೆ ಕಂಪನಿಯಲ್ಲಿ ನಾನು ತಲೆಯೆತ್ತುವುದುಂಟೇ? ಕೇಳುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡೆ. ಅವಳು ಬಿದ್ದ ಕಡ್ಡಿ ಎತ್ತಿಕೊಟ್ಟು, “ಆಯ್ತು, ಕೇಳಲ್ಲ,” ಎಂದಳು.

ಮಾತು ಕೊಟ್ಟರೆ ತಪ್ಪುವವಳಲ್ಲ. ನಿಶ್ಚಿಂತೆಯಿಂದ ಮಲಗುತ್ತೇನೆ.

ನವೆಂಬರ್ 7, ಗುರುವಾರ

ನಕ್ಷೆ ಈಗ ಸಭಾಂಗಣದ ಒಂದು ಗೋಡೆ ಪೂರ್ತಿ ಹಿಡಿಸುತ್ತದೆ. ಕೆಲವು ಕಡೆ ಐದನೇ ಮಟ್ಟಕ್ಕೆ ಇಳಿದಿದ್ದೇನೆ. ಚಹಾ ನೀರು ಕಾಯಿಸುವ ಪಾತ್ರೆಗೆ ನೀರು ತುಂಬುವವರು ಯಾರು ಎನ್ನುವುದು ಇಷ್ಟು ವರ್ಷ ಈ ಕಂಪನಿಯಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ ಎಂದರೆ ನಂಬಲಾಗುವುದಿಲ್ಲ. ಹಿಬಿನೊ, “ಇಷ್ಟು ಆಳ ಬೇಕಾಗಿರ್ಲಿಲ್ಲ ಶಿಮೊಜೊ ಅವ್ರೇ,” ಎನ್ನುತ್ತಾನೆ. ಹುಡುಗನಿಗೆ ಸಹನೆ ಕಡಿಮೆ. ಮುಂದಿನ ತಿಂಗಳಿಂದ ಅವನು ಬರುವುದಿಲ್ಲ, ಕರಾರು ಮುಗಿಯಿತು.

ಮನೆಯ ಅಡುಗೆಯ ಕೆಲಸಕ್ಕೂ ಒಂದು ನಕ್ಷೆ ಮಾಡಿ ಫ್ರಿಜ್‌ಗೆ ಅಂಟಿಸಿದ್ದೆ. ಇಕುಯೊ ಅದನ್ನು ಮಗುಚಿ ಹಾಕಿ ಹಿಂದೆ “ಈರುಳ್ಳಿ, ಸೋಪು” ಎಂದು ಬರೆದಿದ್ದಾಳೆ. ಇತ್ತೀಚೆಗೆ ಅವಳು ಹೆಚ್ಚು ಮಾತಾಡುವುದಿಲ್ಲ. ಆದ್ದರಿಂದ ಸಂಜೆ ನನಗೆ ಕೆಲಸಕ್ಕೆ ಅನುಕೂಲ.

ಹೊಟ್ಟೆ ಉತ್ತಮ.

ಡಿಸೆಂಬರ್ 27, ಶುಕ್ರವಾರ. ಹಿಮ

ಹೊಸವರ್ಷದ ಭರಾಟೆ. ಕಚೇರಿಯವರೆಲ್ಲ ಪ್ಯಾಕಿಂಗ್‌ಗೆ ನಿಂತಿದ್ದೇವೆ. ಕೆಂಪು ಕಾಮಾಬೊಕೊ, ಬಿಳಿ ಕಾಮಾಬೊಕೊ, ಮತ್ತೆ ಕೆಂಪು, ಬಿಳಿ. ಯಾರು ಎಲ್ಲಿ ಕೈಹಾಕಬೇಕೆಂದು ಯಾರೂ ಯಾರನ್ನೂ ಕೇಳುತ್ತಿಲ್ಲ, ಯಾರೂ ನಕ್ಷೆ ನೋಡುತ್ತಿಲ್ಲ. ಆದರೂ ಲಾರಿಗಳು ಹೊತ್ತಿಗೆ ಹೊರಡುತ್ತಿವೆ. ಇದನ್ನು ನಕ್ಷೆಯಲ್ಲಿ ಹೇಗೆ ತೋರಿಸುವುದೋ, ಬಿಡುವಾದಾಗ ಯೋಚಿಸಬೇಕು.

ಫೆಬ್ರವರಿ 13, ಗುರುವಾರ. ಹಿಮ

ಬರೆಯಲು ಮನಸ್ಸಿಲ್ಲ. ಆದರೆ ವೈದ್ಯರು ಬರೆಯಬೇಕು ಎಂದಿದ್ದಾರೆ.

ಇವತ್ತು ಅಧ್ಯಕ್ಷರ ಮುಂದೆ ನಕ್ಷೆ ಒಪ್ಪಿಸುವ ದಿನ. ಹಿರಿಯ ಯಜಮಾನರೂ ಬಂದಿದ್ದರು. ಕೋಲೂರಿಕೊಂಡು ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದರು. ಮರದ ಬೆಣೆಯ ಚೌಕದ ಮುಂದೆ ನಿಂತರು, ಸಾಫ್ಟ್‌ಬಾಲ್ ಚೌಕ ನೋಡಿ ಮುಗುಳ್ನಕ್ಕರು. ಕೊನೆಗೆ ಬಲಮೂಲೆಯ ಬಿಳಿ ಜಾಗದ ಎದುರು ಬಂದು ತಲೆಯೆತ್ತಿ ನೋಡಿದರು. ನನ್ನ ಸೂಕ್ಷ್ಮ ಅವರಿಗೆ ತಿಳಿಯಲಿದೆ ಎಂದು ನಾನು ಒಳಗೊಳಗೇ ಉಬ್ಬಿದ್ದೆ.

“ಮದುವೆ ಮೀನು ಎಲ್ಲೂ ಇಲ್ಲ,” ಎಂದರು.

ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ಇನ್ನೊಮ್ಮೆ ಕಣ್ಣಾಡಿಸಿದರು.

“ಅರ್ಥ ಆಯ್ತಪ್ಪಾ,” ಎಂದರು ಮತ್ತೆ. ದನಿ ತುಂಬ ಮೃದುವಾಗಿತ್ತು. “ಮುದುಕನ ಹಟ ಅಂತ ನೀವೆಲ್ಲ ಇಷ್ಟು ವರ್ಷ ಸಹಿಸಿಕೊಂಡ್ರಿ. ಬೇಡ ಅಂತ ಬಾಯಿಬಿಟ್ಟು ಹೇಳಿ ನನ್ನ ನೋಯಿಸ್ಲಿಲ್ಲ. ಒಂದು ಖಾಲಿ ಜಾಗ ಬಿಟ್ಟು ತಿಳಿಸಿದ್ರಿ. ಇಷ್ಟು ನಯವಾಗಿ ಹೇಳೋ ಜನ ಈಗೆಲ್ಲಿದ್ದಾರೆ? ಮಾರ್ಚ್ ಕೊನೆಗೆ ನಿಲ್ಲಿಸಿಬಿಡಿ.” ಹೀಗೆಂದು ನಮಗೆ, ಆ ವಯಸ್ಸಿನಲ್ಲಿ, ಸೊಂಟ ಬಗ್ಗಿಸಿ ನಮಸ್ಕರಿಸಿದರು.

ಅಲ್ಲ ಯಜಮಾನರೇ, ಅದು ಹಾಗಲ್ಲ, ಎಂದು ಹೇಳಬೇಕಿತ್ತು. ಹೇಳಿದರೆ ಅವರು ತಪ್ಪು ತಿಳಿದರು ಎಂದು ಎಲ್ಲರೆದುರು ತೋರಿಸಿದಂತಾಗುತ್ತಿತ್ತು. ಅಷ್ಟು ಚೆಂದದ ಮಾತಾಡಿದ ಹಿರಿಯರ ಮುಖಕ್ಕೆ ಮಸಿ. ಮಿಜುಹಾಶಿ ಸಾಹೇಬರು ನನ್ನ ಕಡೆ ನೋಡಿದರು. ಅಧ್ಯಕ್ಷರೂ ನೋಡಿದರು. ನಾನು ಬಾಯಿ ತೆರೆದೆ. ಹಲ್ಲಿನ ಸಂದಿಯಿಂದ ಸ್‌ಸ್‌ಸ್ ಎಂದು ಗಾಳಿ ಒಳಗೆ ಹೋಯಿತು, ಅಷ್ಟೇ. ಆಮೇಲೆ ಎಲ್ಲರೂ ಬಗ್ಗಿ ನಮಸ್ಕರಿಸಿದೆವು. ನಾನು ಎಲ್ಲರಿಗಿಂತ ಹೆಚ್ಚು ಬಗ್ಗಿದೆ.

ಮನೆಯಲ್ಲಿ ಇಕುಯೊ ಅಕ್ಕಿ ತೊಳೆಯುತ್ತಿದ್ದಳು. ಹೇಳಿದೆ. ನೀರು ನಿಲ್ಲಿಸಿದಳು.

“ನೀವು ಅಲ್ಲೇ ಇದ್ರಾ?”

“ಇದ್ದೆ.”

“ಏನೂ ಹೇಳ್ಲಿಲ್ವಾ?”

“ಅವರ ಮರ್ಯಾದೆ ಉಳಿಬೇಕಲ್ಲ ಇಕುಯೊ.”

“ಉಳೀತು ಬಿಡಿ. ಅವರದೂ ಉಳೀತು, ನಿಮ್ಮ ಸಾಹೇಬ್ರದೂ ಉಳೀತು. ಹೋಗಿದ್ದು ನಮ್ಮ ಮೂವರ ಕೆಲಸ ತಾನೇ. ಅದು ಎಷ್ಟನೇ ಮಟ್ಟದ್ದೋ, ಕಾಣಿಸಿರ್ಲಿಕ್ಕಿಲ್ಲ.”

ಮತ್ತೆ ನೀರು ಬಿಟ್ಟಳು. ಅಕ್ಕಿ ತೊಳೆದ ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದಳು. ನನಗೆ ನಾಚಿಕೆಯಾಯಿತು. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ.

ಫೆಬ್ರವರಿ 14, ಶುಕ್ರವಾರ

ಮತ್ತೊಮ್ಮೆ ಯೋಚಿಸಿದೆ. ನಕ್ಷೆಯಲ್ಲಿ ತಪ್ಪಿಲ್ಲ. ಗೆರೆಗಳೆಲ್ಲ ಸರಿಯಾಗಿವೆ.

ಮಾರ್ಚ್ 31, ಸೋಮವಾರ

ನಾಳೆಯಿಂದ ನಾನು ಹೊಸದಾಗಿ ತೆರೆದ ನಕ್ಷೆ ವಿಭಾಗದ ಮುಖ್ಯಸ್ಥ. ಕೆಳಗೆ ಇಬ್ಬರು. ನಕ್ಷೆ ವಿಭಾಗಕ್ಕೂ ನಕ್ಷೆಯಲ್ಲಿ ಒಂದು ಚೌಕ ಹಾಕಿದೆ, ಎಲ್ಲರ ಅಳತೆಯದೇ.

ಇಕುಯೊ ಇವತ್ತು ಬೇಗ ಬಂದಳು. ಹುರುಪೆ ಬರೆಯುವ ಕೊಳವೆಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಾಳೆ. ಕಳೆದ ಬುಧವಾರ ಹಿರಿಯ ಯಜಮಾನರು ಕೊನೆಯ ಸಲ ಚಹಾಕ್ಕೆ ಬಂದಿದ್ದರಂತೆ. ಲೋಟ ಕೆಳಗಿಟ್ಟು, “ನಾನು ಸಾಯೋವರೆಗಾದ್ರೂ ಇಟ್ಕೋತಾರೆ ಅಂದ್ಕೊಂಡಿದ್ದೆ ಕಣಮ್ಮಾ. ಕೇಳೋಕೆ ಸಂಕೋಚ ಆಯ್ತು,” ಎಂದು ಕಣ್ಣೊರೆಸಿಕೊಂಡರಂತೆ.

“ನೀನೇನಂದೆ?”

“ಏನನ್ಲಿ? ಕೇಳಲ್ಲ ಅಂತ ನೀವು ಮಾತು ತಗೊಂಡಿದ್ರಲ್ಲ. ಇನ್ನೊಂದು ಲೋಟ ಚಹಾ ಹಾಕಿಕೊಟ್ಟೆ.”

ಹೊಟ್ಟೆಯಲ್ಲಿ ಮತ್ತೆ ಕೆಂಡ. ಮಾತ್ರೆ ಹುಡುಕಿದರೆ ಅವಧಿ ಮುಗಿದಿತ್ತು.

ಮೇ 25, ಭಾನುವಾರ. ಬಿಸಿಲು

ಪಕ್ಕದ ಮನೆಯ ಮಗನ ಮದುವೆ ಮೊನ್ನೆ ಆಯಿತು. ಇವತ್ತು ಅವನ ತಾಯಿ ಮದುವೆ ಮೀನಿನ ಒಂದು ತುಂಡು ತಂದುಕೊಟ್ಟರು. ಪಕ್ಕದ ಊರಿನ ಮೀನುಗಾರರ ಸಂಘದವರು ಈಗ ಮಾಡಲು ಶುರು ಮಾಡಿದ್ದಾರೆ. ಇಕುಯೊ ಮತ್ತವಳ ಜೊತೆಯ ಇಬ್ಬರೂ ಏಪ್ರಿಲ್‌ನಿಂದ ಅಲ್ಲೇ ಇದ್ದಾರೆ. ಬೆಳಗಿನ ಬಸ್ಸಿಗೆ ಹೋಗುತ್ತಾಳೆ, ಅನ್ನ ನಾನೇ ಮಾಡಿಕೊಳ್ಳುತ್ತೇನೆ.

ನಮ್ಮ ಕಂಪನಿಯಲ್ಲಿ ಸ್ವಲ್ಪ ಗಡಿಬಿಡಿ. ಮದುವೆ ಮನೆಗಳು ಮೀನಿನ ಜೊತೆಗೆ ಉಳಿದದ್ದೆಲ್ಲವನ್ನೂ ಸಂಘದಿಂದಲೇ ತರಿಸಿಕೊಳ್ಳತೊಡಗಿವೆಯಂತೆ, ಮಾರಾಟದವರ ಮುಖ ಬಾಡಿದೆ. ಗಿರಾಕಿಗಳು ಎಲ್ಲಿಂದ ಸೋರಿಹೋಗುತ್ತಿದ್ದಾರೆಂದು ಕಂಡುಹಿಡಿಯಲು ಇನ್ನೂ ಸೂಕ್ಷ್ಮವಾದ ನಕ್ಷೆಯೊಂದು ಬೇಕು ಎಂದು ಅಧ್ಯಕ್ಷರು ಶುಕ್ರವಾರ ಕರೆದು ಹೇಳಿದರು. ಆರನೇ ಮಟ್ಟದವರೆಗೆ ಹೋಗೋಣ ಎಂದೆ. ಮಿಜುಹಾಶಿ ಸಾಹೇಬರು ತಲೆಯಾಡಿಸಿದರು. ಮುಂದಿನ ವಾರದಿಂದ ಎಲ್ಲ ವಿಭಾಗಗಳಲ್ಲೂ ಮತ್ತೆ ಚಹಾ.

ತುಂಡನ್ನು ತಟ್ಟೆಗೆ ಹಾಕಿಕೊಂಡೆ. ನಮ್ಮ ಪಾಲಿಗೆ ಬಾಲದ ಕಡೆಯದು ಬಂದಿತ್ತು. ಸಾಲು ಸಾಲಾಗಿ ಹುರುಪೆ, ಪ್ರತಿ ಹುರುಪೆಯ ಅಂಚು ಒಂದಿಷ್ಟು ಮೇಲಕ್ಕೆ ಎದ್ದಿತ್ತು. ಕೊಳವೆ ಎತ್ತುವಾಗ ಅಂಚನ್ನು ಹಾಗೆ ಚಿಮ್ಮಿಸುವವಳು ಇಕುಯೊ ಒಬ್ಬಳೇ ಎಂದು ಕೇಳಿದ್ದೆ. ಇಪ್ಪತ್ತು ವರ್ಷ ನಾವಿಬ್ಬರೂ ಒಂದೇ ಕಂಪನಿಯಲ್ಲಿದ್ದೆವು, ನಾನು ಇದನ್ನು ಇಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ. ಕಡ್ಡಿ ಹಾಕಲು ಮನಸ್ಸು ಬರಲಿಲ್ಲ. ಆಮೇಲೆ ಹಾಕಿದೆ, ಬಾಯಿಗಿಟ್ಟೆ.

“ತುಂಬಾ ಚೆನ್ನಾಗಿದೆ ಇಕುಯೊ,” ಎಂದೆ. ನಿಜವಾಗಿಯೂ ಮನಸಾರೆ ಹೇಳಿದೆ.

ಅವಳು ನಾಳೆಯ ಬುತ್ತಿಯ ಡಬ್ಬಿ ಒರೆಸುತ್ತಿದ್ದಳು. ತಿರುಗಿ ನೋಡದೆಯೇ ಕೇಳಿದಳು:

“ಯಾವ ಮಟ್ಟದಲ್ಲಿ?”